ಒಂದು ಕೌದಿಗೆ ಎಷ್ಟು ತುಂಡು?

ನಾನು ಹೊಲಿದ ಮೊದಲ ಕೌದಿ ನಮ್ಮ ಮನೆಯವರ ಕಾಲು ಮುಚ್ಚಲಿಲ್ಲ. ತಲೆ ತನಕ ಎಳೆದುಕೊಂಡರೆ ಪಾದ ಹೊರಗೆ, ಪಾದ ಮುಚ್ಚಿಕೊಂಡರೆ ಹೆಗಲು ಹೊರಗೆ. 7 ಅಡಿ ಆಗಬೇಕಿದ್ದದ್ದು 6 ಅಡಿಯೂ ಆಗಿರಲಿಲ್ಲ.

ಲೆಕ್ಕ ಮಾಡದೇ ಹೊಲಿದಿದ್ದೆ ಅಂತಲ್ಲ. ಒಬ್ಬರ ಮಂಚಕ್ಕೆ 5 ಅಡಿ ಅಗಲ, 7 ಅಡಿ ಉದ್ದ, ಅಂದರೆ 60 ಇಂಚು, 84 ಇಂಚು. ತುಂಡು 6 ಇಂಚಿನ ಚೌಕ. ಅಡ್ಡಕ್ಕೆ 10, ಉದ್ದಕ್ಕೆ 14, ಒಟ್ಟು 140. ಮದುವೆ ಪತ್ರಿಕೆಯ ರಟ್ಟಿನಲ್ಲಿ 6 ಇಂಚಿನ ಅಚ್ಚು ಮಾಡಿಕೊಂಡು 140 ತುಂಡು ಕತ್ತರಿಸಿದೆ. ರವಿಕೆ ಹೊಲಿದು ಪಳಗಿದ ಕೈ, ಮಶಿನ್ ಮೇಲೆ ಕೂತರೆ ತಾನಾಗಿ ಅರ್ಧ ಇಂಚು ಒಳಗೆ ಹೊಲಿಗೆ ಬೀಳುತ್ತದೆ. ಅಲ್ಲೇ ಎಡವಟ್ಟಾಯಿತು.

ಎರಡು ತುಂಡು ಕೂಡಿಸುವಾಗ ಇದರಲ್ಲಿ ಅರ್ಧ, ಅದರಲ್ಲಿ ಅರ್ಧ, ಒಟ್ಟು 1 ಇಂಚು ಬಟ್ಟೆ ಹಿಂದೆ ಹೋಗುತ್ತದೆ. 10 ತುಂಡಿನ ಸಾಲಿನಲ್ಲಿ 9 ಕೂಡು. 60 ಇಂಚು 51 ಆಯಿತು. 14 ತುಂಡಿಗೆ 13 ಕೂಡು. 84 ಇಂಚು 71 ಆಯಿತು. ತಪ್ಪು ಎಷ್ಟು ನಿಖರವಾಗಿತ್ತು ನೋಡಿ, ಕೂಡುಗಳನ್ನು ಎಣಿಸಿದರೆ ಸಾಕು, ಕಳೆದುಹೋದ ಇಂಚು ಸಿಕ್ಕಿಬಿಡುತ್ತದೆ!

ಆಮೇಲಿಂದ ಕಾಲು ಇಂಚಿನ ಹೊಲಿಗೆ ರೂಢಿ ಮಾಡಿಕೊಂಡೆ. ಮಶಿನ್ ತಟ್ಟೆಯ ಮೇಲೆ ಸೂಜಿಯಿಂದ ಕಾಲು ಇಂಚು ದೂರಕ್ಕೆ ಒಂದು ಬಣ್ಣದ ಟೇಪ್ ಅಂಟಿಸಿದ್ದೇನೆ. ಬಟ್ಟೆಯ ಅಂಚು ಆ ಟೇಪಿಗೆ ತಾಗಿಕೊಂಡೇ ಓಡಬೇಕು. ಕೌದಿಯಲ್ಲಿ 6 ಇಂಚು ಕಾಣಬೇಕಾದರೆ ಕತ್ತರಿಸುವ ಅಚ್ಚು 6.5 ಇಂಚು. ತುಂಡು ಎಣಿಸುವುದು ಕಾಣುವ ಅಳತೆಯಲ್ಲಿ, ಬಟ್ಟೆ ಎಣಿಸುವುದು ಕತ್ತರಿಸುವ ಅಳತೆಯಲ್ಲಿ.

ಇದು ಗೊತ್ತಿದ್ದೂ ಎರಡನೇ ಸಲ ಬಟ್ಟೆ ತರುವಾಗ ಮತ್ತೆ ಮೋಸ ಹೋದೆ. ಆ ಸಲ ಹೊಸ ಕಾಟನ್ ತಂದು ಹೊಲಿಯುವ ಹುಮ್ಮಸ್ಸು. ಅಂಗಡಿಯಲ್ಲಿ ನಿಂತೇ ಲೆಕ್ಕ ಹಾಕಿದೆ. ಕೌದಿ 60 × 84, ಅಂದರೆ 5040 ಚದರ ಇಂಚು. ಬಟ್ಟೆಯ ಪನ್ನ, ಅಂದರೆ ಅಗಲ, 44 ಇಂಚು, ಮೀಟರ್ ಅಂದರೆ ಸುಮಾರು 39 ಇಂಚು, 1716 ಚದರ ಇಂಚು. ಭಾಗಿಸಿದರೆ ಮೂರಕ್ಕೂ ಸ್ವಲ್ಪ ಕಡಿಮೆ. ಮೂರು ಮೀಟರ್ ತಂದೆ. ಮನೆಗೆ ಬಂದು ಕತ್ತರಿಸಿದರೆ 108 ತುಂಡಿಗೆ ಬಟ್ಟೆ ಮುಗಿಯಿತು. ವಾಪಸ್ ಹೋದರೆ ಆ ಬಣ್ಣ ಖಾಲಿ.

ಚದರ ಇಂಚಿನ ಲೆಕ್ಕ ಹಿಟ್ಟು ಕಲಸಿ ರೊಟ್ಟಿ ತಟ್ಟುವವರಿಗೆ ಸರಿ. ಉಳಿದ ಹಿಟ್ಟನ್ನು ಮತ್ತೆ ಉಂಡೆ ಮಾಡಬಹುದು. ಬಟ್ಟೆಯ ಚೂರನ್ನು ಉಂಡೆ ಮಾಡೋಕಾಗುತ್ತಾ? 44 ಇಂಚಿನ ಪನ್ನದಲ್ಲಿ 6.5ರ ತುಂಡು ಆರೇ ಬರುವುದು, ಉಳಿದ 5 ಇಂಚು ಚಿಂದಿಗೆ. ಮೀಟರಿನ ಉದ್ದದಲ್ಲಿ ಆರು ಸಾಲು. ಹಾಗಾಗಿ ಮೀಟರಿಗೆ 36 ತುಂಡು. ಅದೂ ತೊಳೆದ ಮೇಲೆ ಬಟ್ಟೆ ಒಂದಿಷ್ಟೂ ಕುಗ್ಗದಿದ್ದರೆ. ನಾನೀಗ 30 ಅಂತಲೇ ಹಿಡಿಯುವುದು. 140 ತುಂಡಿಗೆ 5 ಮೀಟರ್.

ಹಳೇ ಸೀರೆಯ ಲೆಕ್ಕವೇ ಬೇರೆ. ಐದೂವರೆ ಮೀಟರಿನ ಕಾಟನ್ ಸೀರೆಯಲ್ಲಿ ಕಾಗದದ ಮೇಲೆ 198 ತುಂಡು ಬರುತ್ತದೆ. ನಮ್ಮತ್ತೆಯ ಸೀರೆಯೊಂದರಲ್ಲಿ ನನಗೆ ಸಿಕ್ಕಿದ್ದು 64. ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ನೆರಿಗೆಯ ಜಾಗ, ಕೂರುವ ಜಾಗ ಎಲ್ಲ ಸವೆದು ಜಾಳಾಗಿರುತ್ತದೆ. ಸೆರಗಿನ ಕಡೆಯದು, ಒಳಗೆ ಸುತ್ತಿಕೊಳ್ಳುವ ಕಡೆಯದು ಗಟ್ಟಿ. ಜಾಳು ಬಟ್ಟೆಯನ್ನು ಎಸೆಯಬೇಡಿ, ಕೌದಿಯ ಹೊಟ್ಟೆಗೆ ಹಾಕಿ.

ಮೂರನೇ ಕೌದಿಗೆ ಕಡು, ತಿಳಿ ಎರಡೇ ಬಣ್ಣ ಇಟ್ಟು ಚದುರಂಗದ ಹಾಸಿನಂತೆ ಜೋಡಿಸಿದೆ. 10 × 14ಕ್ಕೆ 70 ಕಡು, 70 ತಿಳಿ. ಲೆಕ್ಕ ಸಮ, ಆದರೆ ಒಂದು ಮೂಲೆ ಕಡು ಬಂದರೆ ಪಕ್ಕದ ಮೂಲೆ ತಿಳಿ. ನನ್ನ ಕಣ್ಣಿಗೆ ಅದು ಸರಿಬರಲಿಲ್ಲ. ನಾಲ್ಕೂ ಮೂಲೆ ಒಂದೇ ಆಗಬೇಕಾದರೆ ಎರಡೂ ಕಡೆ ಬೆಸ ಸಂಖ್ಯೆ ಬೇಕು. ಕಾಗದದ ಮೇಲೆ 9 × 13 ಮಾಡಿ ನೋಡಿದೆ. 117 ತುಂಡು, 59 ಕಡು, 58 ತಿಳಿ. ಅಳತೆ 54 × 78. ಸುತ್ತ 3 ಇಂಚಿನ ಅಂಚು ಕೊಟ್ಟರೆ ಸರಿಯಾಗಿ 60 × 84! 23 ತುಂಡು ಉಳಿಯಿತು, ಮೂಲೆಯೂ ಸರಿಹೋಯಿತು. ಅವತ್ತು ರಾತ್ರಿ ಸುಮ್ನೆ ಆ ಕಾಗದ ನೋಡುತ್ತ ಕೂತಿದ್ದೆ.

ಅಂಚಿಗೆ ಇಳಕಲ್ ಸೀರೆಯ ದಡಿ ಹಾಕಿದೆ. ಸುತ್ತಲಿಗೆ ಬೇಕಾದದ್ದು 276 ಇಂಚು. ಸೀರೆಯ ಒಂದು ದಡಿ 216 ಇಂಚು ಇತ್ತು, ಎರಡೂ ದಡಿ ಬಿಚ್ಚಿದರೆ ಧಾರಾಳ. ಜೊತೆಗೆ 8 ಚೌಕ ತುಂಡು ಜಾಸ್ತಿ ಕತ್ತರಿಸಿಟ್ಟೆ. ಓರೆ ಕತ್ತರಿಸಿದ್ದು, ಇಸ್ತ್ರಿಯಲ್ಲಿ ಸುಟ್ಟದ್ದು ಎಲ್ಲಾ ಸೇರಿ ಐದು ಖರ್ಚಾಯಿತು.

ಸಣ್ಣ ತುಂಡು ಚಂದ ಅಂತ ತಂಗಿ ಹೇಳಿದಳು. 3 ಇಂಚಿನ ಚೌಕಕ್ಕೆ ಇಳಿದರೆ 117 ಇದ್ದದ್ದು 468. ಬಟ್ಟೆಯೂ ಹೆಚ್ಚು ಬೇಕು. 6.5ರ ಒಂದು ಚೌಕಕ್ಕೆ 42 ಚದರ ಇಂಚು ಚಿಲ್ಲರೆ ಸಾಕು, ಅದೇ ಜಾಗ ತುಂಬಲು 3.5ರ ನಾಲ್ಕಕ್ಕೆ 49. ಹೊಲಿಗೆ ಅಷ್ಟನ್ನು ತಿನ್ನುತ್ತದೆ. ನೀನೇ ಹೊಲಿ ಅಂದೆ.

ಈ ತಲೆನೋವೆಲ್ಲ ತುಂಡು ತುಂಡನ್ನು ಮಶಿನಿನಲ್ಲಿ ಕೂಡಿಸುವವರಿಗೆ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಕವಂದಿ, ಅಂದರೆ ಅವರ ಕೌದಿ, ಹೊಲಿಯುವಾಗ ಹಾಸಿದ ಬಟ್ಟೆಯ ಅಂಚಿನಿಂದ ಶುರುಮಾಡಿ, ಕೈಗೆ ಸಿಕ್ಕ ತುಂಡಿನ ಅಂಚು ಮಡಚಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಮೊದಲೇ ಎಣಿಸುವ ಮಾತೇ ಇಲ್ಲ. ನಮ್ಮಜ್ಜಿಯೂ ಎಣಿಸಿದವಳಲ್ಲ. ಹಳೇ ಧೋತರ ನೆಲಕ್ಕೆ ಹಾಸಿ, ಮೊಳ ಹಾಕಿ, ಕೂತುಬಿಡುತ್ತಿದ್ದಳು.

ಅವಳ ಕೌದಿ ಇನ್ನೂ ನಮ್ಮ ಟ್ರಂಕಿನಲ್ಲಿದೆ. ಹೋದ ತಿಂಗಳು ಬಿಸಿಲಿಗೆ ಹಾಕಿದಾಗ ಅದರಲ್ಲೆಷ್ಟು ತುಂಡಿವೆ ನೋಡೋಣ ಅಂತ ಒಂದು ಮೂಲೆಯಿಂದ ಎಣಿಸತೊಡಗಿದೆ. ಎಂಬತ್ತರ ಆಸುಪಾಸಿನಲ್ಲಿ ಒಂದು ಹಸಿರು ತುಂಡು ಹರಿದಿತ್ತು. ಅದರ ಕೆಳಗೆ ಇನ್ನೊಂದು ತುಂಡು, ಹೂವಿನ ಚೀಟಿ ಬಟ್ಟೆಯದು. ಅದರ ಸಂದಿಯಲ್ಲಿ ಕೆಂಪು ಇಣುಕುತ್ತಿತ್ತು. ಯಾವುದನ್ನು ಎಣಿಸಬೇಕು, ಯಾವುದನ್ನು ಬಿಡಬೇಕು ತಿಳಿಯಲಿಲ್ಲ. ಹಸಿರಿಗೆ ನಾಲ್ಕು ಹೊಲಿಗೆ ಹಾಕಿ ಮಡಚಿಟ್ಟೆ.