ಪ್ರಾಚೀನ ಕಾಲದ ಸಿನಿಮಾ: ನಿಜ ಎಷ್ಟು, ಬುರುಡೆ ಎಷ್ಟು?

ರಾಜರ ಕಾಲದ ಸಿನಿಮಾ ಮುಗಿದು ಪಾರ್ಕಿಂಗ್ ತಲುಪುವುದರೊಳಗೆ ಚರ್ಚೆ ಶುರು. ಒಬ್ಬರು ‘ಎಲ್ಲಾ ಬುರುಡೆ’ ಅನ್ನುತ್ತಾರೆ. ಇನ್ನೊಬ್ಬರು ‘ಅದು ಸಿನಿಮಾ ಮಾರಾಯ್ರೆ, ಸುಮ್ನೆ ನೋಡಿ’ ಅನ್ನುತ್ತಾರೆ. ಎರಡೂ ಸೋಮಾರಿ ಉತ್ತರ. ತಪ್ಪು ಎಷ್ಟಿದೆ ಅನ್ನುವುದಕ್ಕಿಂತ ಯಾವ ತಪ್ಪಿನ ಮೇಲೆ ಕಥೆ ನಿಂತಿದೆ ಅಂತ ನೋಡಬೇಕು.

ಮೊದಲು ಕಾಲ ಗೊತ್ತುಮಾಡಿಕೊಳ್ಳಿ. ಅಶೋಕ ಕ್ರಿ.ಪೂ. 3ನೇ ಶತಮಾನದವನು, ಬನವಾಸಿಯ ಕದಂಬರ ಆಳ್ವಿಕೆ ಶುರುವಾಗುವುದು ಕ್ರಿ.ಶ. 4ನೇ ಶತಮಾನದಲ್ಲಿ. ನಡುವೆ ಸುಮಾರು 600 ವರ್ಷ. ಇಬ್ಬರಿಗೂ ಒಂದೇ ಕಿರೀಟ ತೊಡಿಸಿದರೆ ಅಲ್ಲೇ ಅನುಮಾನ ಬರಬೇಕು.

ಆಮೇಲೆ ನಾಯಕನನ್ನು ಬಿಟ್ಟು ಅವನ ಹಿಂದೆ ಏನಿದೆ ನೋಡಿ. ಕರಾವಳಿಯವರಿಗೆ ಇದು ಸಲೀಸು. ಒಣಮೆಣಸು, ಗೇರು, ಪಪ್ಪಾಯಿ, ಅನಾನಸು ಎಲ್ಲಾ ಅಮೆರಿಕ ಖಂಡದವು. 1498ರಲ್ಲಿ ವಾಸ್ಕೋ ಡ ಗಾಮ ಬಂದ ಮೇಲೆ ಪೋರ್ಚುಗೀಸರ ಹಡಗುಗಳಲ್ಲಿ ಬಂದವು. ಹಾಗಾಗಿ ಕದಂಬರ ಊಟದ ಎಲೆಯಲ್ಲಿ ಒಣಮೆಣಸಿನ ಕೆಂಪಗಿನ ಗಸಿ (ಗಟ್ಟಿ ಸಾರು) ಇರುವಂತಿಲ್ಲ, ಖಾರಕ್ಕೆ ಕಾಳುಮೆಣಸೇ ಗತಿ. ಮನೆಗಳ ಮಾಡು ಕೂಡ ನೋಡಿ. ಮಂಗಳೂರು ಹಂಚು ಬಂದದ್ದೇ 1860ರ ದಶಕದಲ್ಲಿ, ಬಾಸೆಲ್ ಮಿಶನ್‌ನವರು ಇಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ. ಸಾವಿರ ವರ್ಷ ಹಿಂದಿನ ಹಳ್ಳಿ ಅಂತ ತೋರಿಸಿ ಹಿಂದುಗಡೆ ಆ ಹಂಚು ಹೊದೆಸಿದ ಮನೆ ಬಂದರೆ ನಗು ತಡೆಯುವುದು ಕಷ್ಟ.

ಆದರೆ ನಕ್ಕು ಬಿಟ್ಟುಬಿಡಿ. ಹಂಚಿನಿಂದ ಕಥೆ ಕೆಡುವುದಿಲ್ಲ. ಜೂಲಿಯಸ್ ಸೀಸರ್ ಕಾಲದ ರೋಮನ್ ಸವಾರರಿಗೆ ಕಾಲಿಡುವ ರಿಕಾಪು ಇರಲಿಲ್ಲ, ಸಿನಿಮಾದಲ್ಲಿ ಇದ್ದರೆ ನಟ ಬೀಳಬಾರದು ಅಂತ ಅಷ್ಟೇ.

ಉಡುಪಿಗೆ ಸಾಕ್ಷಿ ಬೇಕಾದರೆ ಶಿಲ್ಪ ನೋಡಬೇಕು, ಕ್ಯಾಲೆಂಡರ್ ಚಿತ್ರ ಅಲ್ಲ. ಬಾದಾಮಿಯ 3ನೇ ಗುಹೆಯಲ್ಲಿ 578ರ ಶಾಸನವಿದೆ, ಆದ್ದರಿಂದ ಅಲ್ಲಿನ ಸೀರೆ, ಸೊಂಟಪಟ್ಟಿ, ಕೂದಲ ಕಟ್ಟು ಯಾವ ಕಾಲದ್ದು ಅಂತ ಧೈರ್ಯವಾಗಿ ಹೇಳಬಹುದು. ಹತ್ತಿರದಲ್ಲೇ ಬೇಕಾದರೆ ಮಂಗಳೂರಿನ ಕದ್ರಿ ದೇವಸ್ಥಾನಕ್ಕೆ ಹೋಗಿ. ಮೂರು ಮುಖ, ಆರು ಕೈಯ ಲೋಕೇಶ್ವರನ ಪೀಠದಲ್ಲಿ 968ರ ಬರಹವಿದೆ, ತುಳುನಾಡನ್ನು ಆಳಿದ ಆಳುಪ ವಂಶದ ಅರಸ ಕುಂದವರ್ಮನ ಹೆಸರೂ ಇದೆ. ಹಾಗಂತ ದೇವರ ಒಡವೆಯನ್ನೆಲ್ಲ ಅರಸನಿಗೆ ತೊಡಿಸಬೇಡಿ. ಕತ್ತಿ, ಗುರಾಣಿ ಹೇಗಿತ್ತು ಅಂತ ತಿಳಿಯಲು ವೀರಗಲ್ಲೇ ವಾಸಿ, ಆದರೆ ಆ ಕಲ್ಲು ಯಾವ ಶತಮಾನದ್ದು ಅಂತ ಮೊದಲು ಕೇಳಿ.

ಈಗ ನಿಜವಾದ ಕೆಲಸ, ಕಥೆ. ಕದಂಬ ವಂಶ ಶುರು ಮಾಡಿದ ಮಯೂರವರ್ಮನನ್ನೇ ತೆಗೆದುಕೊಳ್ಳಿ. ಶಿವಮೊಗ್ಗ ಜಿಲ್ಲೆಯ ತಾಳಗುಂದದ ಸ್ತಂಭ ಶಾಸನ ಅವನನ್ನು ಮಯೂರಶರ್ಮ ಅನ್ನುತ್ತದೆ. ಗುರು ವೀರಶರ್ಮನ ಜೊತೆ ಓದಲು ಕಂಚಿಗೆ ಹೋದ, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಯಿತು, ದರ್ಭೆ ಹಿಡಿಯುತ್ತಿದ್ದ ಕೈಯಲ್ಲಿ ಕತ್ತಿ ಹಿಡಿದ. ಜಗಳ ಯಾಕೆ ಬಂತು ಅಂತ ಶಾಸನ ಬಿಡಿಸಿ ಹೇಳುವುದಿಲ್ಲ. ಅಲ್ಲಿ ನಿರ್ದೇಶಕ ಒಂದು ಕಾರಣ ಕಟ್ಟಿದರೆ ತಪ್ಪಲ್ಲ, ಅದು ಅವನ ಜಾಗ. ಕಂಚಿಗೆ ಹೋಗಲೇ ಇಲ್ಲ ಅಂತ ತೋರಿಸಿದರೆ ಕೇಳಬೇಕು. ಶಾಸನವನ್ನೂ ಕಣ್ಣು ಮುಚ್ಚಿ ನಂಬಬೇಡಿ. ಅದನ್ನು ಬರೆದ ಕುಬ್ಜ ಕವಿ ಮಯೂರಶರ್ಮನ ವಂಶದವರ ಆಸ್ಥಾನದವನು, ಬರೆದದ್ದು ಸುಮಾರು ನೂರು ವರ್ಷದ ಮೇಲೆ. ಮನೆಯವರು ಅಜ್ಜನ ಬಗ್ಗೆ ಒಳ್ಳೆಯದನ್ನೇ ಜಾಸ್ತಿ ಹೇಳುತ್ತಾರೆ, ಅಲ್ವಾ?

ಮಯೂರವರ್ಮ ಉತ್ತರದ ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದು ತುಳುನಾಡಿನಲ್ಲಿ ನೆಲೆಗೊಳಿಸಿದ ಅನ್ನುವ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅದು ಕುಬ್ಜನ ಶಾಸನದಲ್ಲಿ ಇಲ್ಲ, ಎಷ್ಟೋ ಕಾಲದ ನಂತರದ, ತುಳುನಾಡಿನ ಬ್ರಾಹ್ಮಣರ ಊರುಗಳ ಕಥೆ ಹೇಳುವ ‘ಗ್ರಾಮಪದ್ಧತಿ’ ಅನ್ನುವ ಗ್ರಂಥದಲ್ಲಿ ಇದೆ. ಸಿನಿಮಾ ಇದನ್ನು ತೋರಿಸಿದರೆ ಐತಿಹ್ಯ ಅಂತ ನೋಡಿ.

ಕೊನೆಗೆ, ಸಿನಿಮಾ ತನ್ನ ಬಗ್ಗೆ ಏನು ಹೇಳಿಕೊಂಡಿದೆ ಅಂತ ನೋಡಿ. ಕಟ್ಟುಕಥೆ ಅಂತ ಒಪ್ಪಿಕೊಂಡವರಿಗೆ ಸ್ವಲ್ಪ ರಿಯಾಯಿತಿ ಕೊಡಬಹುದು. ಪರದೆಯ ಮೇಲೆ ಸಣ್ಣ ಅಕ್ಷರದಲ್ಲಿ ‘ಕಾಲ್ಪನಿಕ’ ಅಂತ ಹಾಕಿ, ಪೋಸ್ಟರಿನಲ್ಲಿ ‘ನಮ್ಮ ನಿಜವಾದ ಇತಿಹಾಸ’ ಅಂತ ಕೂಗುವವರಿಂದ ಮಾತ್ರ ಪೈಸೆ ಪೈಸೆ ಲೆಕ್ಕ ಕೇಳಿ.