ಮೊದಲು ಸಾಮಾನು, ಆಮೇಲೆ ಬ್ಯಾಗ್

ಪ್ರವಾಸ ಹತ್ತಿರ ಬಂತು ಅಂದ ಕೂಡಲೇ ನಾವು ಮಾಡುವ ಮೊದಲ ಕೆಲಸ ಹೊಸ ಬ್ಯಾಗ್ ಹುಡುಕುವುದು. ಬ್ಯಾಗ್ ಬಂದ ಮೇಲೆ ಅದನ್ನು ತುಂಬಲು ಕೂರುತ್ತೇವೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಬ್ಯಾಗಿನ ವಿಷಯದಲ್ಲಿ ಈ ಗಾದೆಯನ್ನು ಎಲ್ಲರೂ ಚಾಚೂ ತಪ್ಪದೆ ಪಾಲಿಸುತ್ತಾರೆ. ಮೂಲೆಯಲ್ಲಿ ಸ್ವಲ್ಪ ಜಾಗ ಉಳಿದರೆ ಇನ್ನೊಂದು ಸ್ವೆಟರ್, ಇನ್ನೊಂದು ಜೊತೆ ಚಪ್ಪಲಿ!

ಈ ಸಲ ಇದನ್ನೇ ಉಲ್ಟಾ ಮಾಡಿ ನೋಡಿ. ಮೊದಲು ಸಾಮಾನು ಆರಿಸಿ, ತೂಕ ಹಾಕಿ. ಬ್ಯಾಗ್ ಯಾವುದು, ಹೊಸದು ಬೇಕಾ ಅನ್ನೋದು ಆಮೇಲಿನ ಮಾತು.

ಚಾಪೆ ಹಾಸಿ, ಹರಡಿ

ಹೊರಡುವ ಹಿಂದಿನ ರಾತ್ರಿ ಬೇಡ. ಮೂರು ನಾಲ್ಕು ದಿನ ಮೊದಲೇ ಚಾಪೆ ಹಾಸಿ, ಒಯ್ಯಬೇಕು ಅನಿಸಿದ್ದನ್ನೆಲ್ಲ ಅದರ ಮೇಲೆ ಹರಡಿ. ಆಮೇಲೆ ಒಂದೊಂದನ್ನೇ ಕೈಗೆತ್ತಿಕೊಂಡು, ಇದನ್ನು ಯಾವ ದಿನ ಬಳಸುತ್ತೇನೆ ಅಂತ ಕೇಳಿಕೊಳ್ಳಿ. ದಿನ ಹೇಳೋಕೆ ಬಂದರೆ ಅದು ಚಾಪೆ ಮೇಲೆ ಇರಲಿ. 'ಯಾವುದಕ್ಕೂ ಇರಲಿ' ಅನ್ನೋ ಉತ್ತರ ಬಂತು ಅಂದರೆ ಕಪಾಟಿಗೆ ವಾಪಸ್. ಔಷಧಿ, ಕನ್ನಡಕ, ಕಾಗದಪತ್ರಗಳಿಗೆ ಮಾತ್ರ ಈ ಪ್ರಶ್ನೆ ಬೇಡ.

ಒಂದು ಜೀನ್ಸ್ ಪ್ಯಾಂಟ್ ಸುಮ್ನೆ 600-700 ಗ್ರಾಂ ತೂಗುತ್ತದೆ. ಅಷ್ಟೇ ತೂಕದಲ್ಲಿ ಮೂರು ನಾಲ್ಕು ಟೀ ಶರ್ಟ್ ಬರುತ್ತವೆ. ಶೂ ಇನ್ನೂ ಭಾರ, ಜಾಗವನ್ನೂ ಜಾಸ್ತಿ ತಿನ್ನುತ್ತದೆ. ಆದ್ದರಿಂದ ಜೀನ್ಸ್, ಶೂ, ಜಾಕೆಟ್ ಮೈಮೇಲೆ ಇರಲಿ, ಹಗುರವಾದದ್ದು ಬ್ಯಾಗಿನೊಳಗೆ ಹೋಗಲಿ.

ಬಟ್ಟೆಯ ವಿಷಯದಲ್ಲಿ ನನ್ನ ಲೆಕ್ಕ ಇಷ್ಟೇ: ಐದು ದಿನ ಹೋದರೂ ಹದಿನೈದು ದಿನ ಹೋದರೂ ಐದು ದಿನದ ಬಟ್ಟೆ. ನಡುವೆ ಒಗೆಯಬೇಕು. ಒಗೆದದ್ದು ರಾತ್ರಿಯೊಳಗೆ ಒಣಗೋದಿಲ್ಲ ಅನ್ನೋ ಚಿಂತೆಗೆ ಒಂದು ಉಪಾಯ ಇದೆ. ಹಿಂಡಿದ ಅಂಗಿಯನ್ನು ಒಣ ಟವೆಲ್ ಮೇಲೆ ಚಪ್ಪಟೆಯಾಗಿ ಹರಡಿ. ಎರಡನ್ನೂ ಸೇರಿಸಿ ಚಾಪೆಯಂತೆ ಬಿಗಿಯಾಗಿ ಸುತ್ತಿ. ಆ ಸುರುಳಿಯ ಮೇಲೆ ಮೊಣಕಾಲೂರಿ ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಒತ್ತುತ್ತಾ ಹೋಗಿ. ಬಿಚ್ಚಿದಾಗ ಟವೆಲ್ ಒದ್ದೆಯಾಗಿರುತ್ತದೆ, ಅಂಗಿಯಲ್ಲಿ ಬರೀ ಪಸೆ ಉಳಿದಿರುತ್ತದೆ. ಕಿಟಕಿ ಪಕ್ಕ ತೂಗುಹಾಕಿದರೆ ತೆಳು ಬಟ್ಟೆ ಬೆಳಗಾಗುವಷ್ಟರಲ್ಲಿ ಹಾಕಿಕೊಳ್ಳುವಂತಾಗುತ್ತದೆ. ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಆದರೆ ಬೆವರಿನ ವಾಸನೆ ಹಿಡಿದುಕೊಳ್ಳುತ್ತದೆ. ಹತ್ತಿ ಹಾಯಾಗಿರುತ್ತದೆ, ಒಣಗೋದು ನಿಧಾನ. ತೆಳುವಾದ ಮೆರಿನೊ (ಒಂದು ಕುರಿ ತಳಿ) ಉಣ್ಣೆಯನ್ನು ಎರಡು ಮೂರು ದಿನ ಹಾಕಿದರೂ ವಾಸನೆ ಬರೋದಿಲ್ಲ.

ದ್ರವಗಳನ್ನು ಆದಷ್ಟು ಬಿಡಿ. ಹೆಚ್ಚಿನ ವಿಮಾನ ನಿಲ್ದಾಣಗಳಲ್ಲಿ ಕೈಚೀಲದಲ್ಲಿ 100 ಮಿಲಿಲೀಟರ್ ಮೀರಿದ ಬಾಟಲಿಗೆ 2006ರಿಂದ ತಡೆ ಇದೆ. ಅದಕ್ಕೆ ಅಂತ ಪುಟ್ಟ ಪ್ಲಾಸ್ಟಿಕ್ ಬಾಟಲಿಗಳನ್ನು ಪ್ರತಿ ಸಲ ಕೊಂಡು ಎಸೆಯುವವರನ್ನು ನೋಡಿದ್ದೇನೆ. ಸೋಪಿನಂತೆ ಗಟ್ಟಿಯಾಗಿರುವ ಶಾಂಪೂ ಬಾರ್ ಒಯ್ದರೆ ಬಾಟಲಿಯೂ ಇಲ್ಲ, ಸೋರುವ ಭಯವೂ ಇಲ್ಲ.

ಈಗ ಉಳಿದದ್ದನ್ನೆಲ್ಲ ಒಂದು ದುಪ್ಪಟಿಯಲ್ಲಿ ಗಂಟು ಕಟ್ಟಿ. ಗಂಟು ಹಿಡಿದು ತೂಕದ ಯಂತ್ರದ ಮೇಲೆ ನಿಲ್ಲಿ, ಆಮೇಲೆ ಗಂಟಿಲ್ಲದೆ ನಿಲ್ಲಿ. ನಡುವಿನ ವ್ಯತ್ಯಾಸವೇ ನಿಮ್ಮ ಸಾಮಾನಿನ ತೂಕ. ಅನೇಕ ವಿಮಾನ ಸಂಸ್ಥೆಗಳು ಕೈಚೀಲಕ್ಕೆ ಕೊಡುವ ಮಿತಿ 7 ಕೆ.ಜಿ. ಇದರಲ್ಲಿ ಬ್ಯಾಗಿನ ತೂಕವೂ ಸೇರಿದೆ. ಗಟ್ಟಿ ಕವಚದ ಚಿಕ್ಕ ಟ್ರಾಲಿಯೇ ಎರಡೂವರೆ ಮೂರು ಕೆ.ಜಿ. ಇರುತ್ತದೆ. ಚಕ್ರವಿಲ್ಲದ ಬೆನ್ನುಚೀಲ ಒಂದು ಕೆ.ಜಿ. ಆಸುಪಾಸು. ನಿಮ್ಮ ಗಂಟು ಐದೂವರೆ ಕೆ.ಜಿ. ಇದ್ದರೆ ಯಾವ ಬ್ಯಾಗ್ ಅನ್ನೋದು ತಾನಾಗೇ ತೀರ್ಮಾನ ಆಯ್ತು, ಅಲ್ವಾ?

ಅಂಗಡಿಗೆ ಮೊದಲು ಅಟ್ಟ

ಬ್ಯಾಗ್ ಹಗುರ ಇದ್ದರೆ ವಿಮಾನ ಕಡಿಮೆ ಇಂಧನ ಸುಡುತ್ತದೆ ಅನ್ನೋದು ನಿಜ. ಹೆಚ್ಚುವರಿ ತೂಕದ ಅಂದಾಜು ಶೇ. 3ರಷ್ಟು ಇಂಧನ ಪ್ರತಿ ಗಂಟೆಗೆ ಖರ್ಚಾಗುತ್ತದೆ. ಎಂಟು ಗಂಟೆಯ ಹಾರಾಟದಲ್ಲಿ ಹತ್ತು ಕೆ.ಜಿ. ಇಳಿಸಿದರೆ ಸುಮಾರು 2.4 ಕೆ.ಜಿ. ಇಂಧನ ಉಳಿಯಿತು. ಒಂದು ಕೆ.ಜಿ. ವಿಮಾನ ಇಂಧನ ಉರಿದರೆ 3.16 ಕೆ.ಜಿ. ಇಂಗಾಲದ ಡೈ ಆಕ್ಸೈಡ್ ಬರುತ್ತದೆ, ಅಂದರೆ ಏಳು ಕೆ.ಜಿ. ಚಿಲ್ಲರೆ ತಪ್ಪಿತು. ಇಡೀ ಪ್ರಯಾಣದ ಲೆಕ್ಕದಲ್ಲಿ ಇದು ಚಿಕ್ಕದು. ಇದನ್ನೇ ನೆಪ ಮಾಡಿಕೊಂಡು 'ಪರಿಸರಸ್ನೇಹಿ' ಅಂತ ಬರೆದ ಹೊಸ ಬ್ಯಾಗ್ ಕೊಂಡರೆ ಉಳಿಸಿದ್ದು ಅಲ್ಲಿಗೇ ಹೋಯಿತು. ಅಟ್ಟದ ಮೇಲಿನ ಹಳೇ ಬ್ಯಾಗೇ ಎಲ್ಲಕ್ಕಿಂತ ಹಸಿರು.

ಅದನ್ನು ಕೆಳಗಿಳಿಸಿ ನೋಡಿ. ಹೆಚ್ಚಿನ ಸಲ ಕೆಟ್ಟಿರೋದು ಜಿಪ್. ಎಳೆದರೂ ಹಿಂದೆಯೇ ಹಲ್ಲು ಬಿಟ್ಟುಕೊಳ್ಳುತ್ತಿದ್ದರೆ ಜಿಪ್ ಹಾಳಾಗಿದೆ ಅಂತಲ್ಲ, ರನ್ನರ್ ಬಾಯಿ ಅಗಲವಾಗಿದೆ ಅಂತ. ಇಕ್ಕಳದಿಂದ ರನ್ನರಿನ ಎರಡು ಪಕ್ಕದ ತುಟಿಗಳನ್ನು ಮೆಲ್ಲಗೆ ಒತ್ತಿ. ಮೊದಲು ಒಂದು ಕಡೆ, ಆಮೇಲೆ ಇನ್ನೊಂದು ಕಡೆ. ಎಳೆದು ನೋಡಿ, ಸಾಲದಿದ್ದರೆ ಇನ್ನೂ ಒಂದು ಚೂರು ಒತ್ತಿ. ಜೋರು ಮಾಡಿದರೆ ರನ್ನರ್ ಒಡೆಯುತ್ತದೆ, ನಾನು ಒಡೆದಿದ್ದೇನೆ. ಒಡೆದರೂ ರನ್ನರ್ ಮಾತ್ರ ಬದಲಿಸಬಹುದು. ಜಿಪ್ ಬಿಗಿಯಾಗಿ ಓಡುತ್ತಿದ್ದರೆ ಹಲ್ಲಿನ ಮೇಲೆ ಮೇಣದಬತ್ತಿ ಉಜ್ಜಿ.

ಕೊಳ್ಳಲೇಬೇಕು ಅಂದರೆ

ಮೊದಲು ಬಣ್ಣ ನೋಡಬೇಡಿ, ಸ್ಕ್ರೂ ನೋಡಿ. ಬ್ಯಾಗಿನ ಒಳಬಟ್ಟೆಗೆ ಜಿಪ್ ಇದೆಯಾ? ಅದನ್ನು ತೆರೆದು ಕೈ ಹಾಕಿ. ಚಕ್ರದ ಹಿಂದೆ ಸ್ಕ್ರೂ ಇದ್ದರೆ ಚಕ್ರವನ್ನು ಮನೆಯಲ್ಲೇ ಬದಲಿಸಬಹುದು. ರಿವೆಟ್ (ಬಿಚ್ಚಲು ಬಾರದ ಮೊಳೆ) ಹೊಡೆದಿದ್ದರೆ ಕಷ್ಟ. ನನ್ನ ಒಂದು ಟ್ರಾಲಿಯ ಚಕ್ರ ರೈಲ್ವೆ ಪ್ಲಾಟ್‌ಫಾರಂ ಮೇಲೆ ಕಿತ್ತುಬಂತು. ಉಳಿದದ್ದೆಲ್ಲ ಗಟ್ಟಿಮುಟ್ಟಾಗಿತ್ತು. ರಿಪೇರಿಯವರು ಒಳಗೆ ನೋಡಿ, ರಿವೆಟ್ ಕಿತ್ತರೆ ತಳವೇ ಒಡೆಯುತ್ತದೆ ಅಂದರು. ಮೂರು ಚಕ್ರದ ಆ ಬ್ಯಾಗ್ ಈಗ ಹಳೇ ಬೆಡ್‌ಶೀಟ್ ಇಡೋಕೆ ಆಗಿದೆ.

ಎರಡು ಚಕ್ರದ್ದು ನನಗೆ ಇಷ್ಟ. ನೆಟ್ಟಗೆ ನಿಲ್ಲಿಸಿ ವಾಲಿಸಿ ಎಳೆಯುವ ಈ ವಿನ್ಯಾಸವನ್ನು 1987ರಲ್ಲಿ ರೂಪಿಸಿದವರು ರಾಬರ್ಟ್ ಪ್ಲಾತ್ ಎಂಬ ಪೈಲಟ್, ದಿನಾ ಬ್ಯಾಗ್ ಎಳೆದುಕೊಂಡು ಓಡಾಡುವ ಮನುಷ್ಯ. ಇದರಲ್ಲಿ ಚಕ್ರದ ಅರ್ಧ ಭಾಗ ಬ್ಯಾಗಿನ ಒಳಗೇ ಇರುತ್ತದೆ. ನಾಲ್ಕು ಚಕ್ರದ್ದು ನುಣುಪು ನೆಲದಲ್ಲಿ ಚೆನ್ನಾಗಿ ಜಾರುತ್ತದೆ, ಆದರೆ ಹೊರಚಾಚಿದ ಚಕ್ರಗಳಿಗೇ ಏಟು ಬೀಳೋದು.

ಇನ್ನು ವಸ್ತುವಿನ ಮಾತು. ಪ್ಲಾಸ್ಟಿಕ್ಕಿನ ಗಟ್ಟಿ ಕವಚದಲ್ಲಿ ಹೆಚ್ಚಾಗಿ ಮೂರು ಬಗೆ. ಎಬಿಎಸ್ ಅಗ್ಗ, ಏಟು ಬಿದ್ದರೆ ಸೀಳುತ್ತದೆ. ಪಾಲಿಕಾರ್ಬೊನೇಟ್ ತಗ್ಗಿದರೂ ಮತ್ತೆ ಉಬ್ಬುತ್ತದೆ. ಪಾಲಿಪ್ರೊಪಿಲೀನ್ ಕವಚದ ಮೇಲೆ ತ್ರಿಕೋನದೊಳಗೆ 5 ಅಂತ ಇರಬಹುದು, ಅದು ಪ್ಲಾಸ್ಟಿಕ್ ಯಾವ ಬಗೆಯದು ಅನ್ನೋದರ ಗುರುತು. ಮೂರರಲ್ಲಿ ಇದರ ಮರುಬಳಕೆ ಸುಲಭ. ಬಟ್ಟೆಯ ಬ್ಯಾಗಿನಲ್ಲಿ ಡೆನಿಯರ್ ಅನ್ನೋ ಅಂಕಿ ಕಾಣುತ್ತದೆ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಅನ್ನೋದೇ ಡೆನಿಯರ್. ಅಂಕಿ ದೊಡ್ಡದಾದಷ್ಟೂ ನೂಲು ದಪ್ಪ, ಬ್ಯಾಗೂ ಭಾರ. ಆದರೆ ಒಂದೇ ಅಂಕಿಯ ನೈಲಾನ್ ಮತ್ತು ಪಾಲಿಯೆಸ್ಟರ್ ಪಕ್ಕಪಕ್ಕ ಇದ್ದರೆ ಸಾಮಾನ್ಯವಾಗಿ ನೈಲಾನೇ ಜಾಸ್ತಿ ತಾಳುತ್ತದೆ.

ಲೇಬಲ್ ಓದುವಾಗ ಸ್ವಲ್ಪ ಅನುಮಾನ ಇರಲಿ. 'ಮರುಬಳಕೆಯ ಬಾಟಲಿಯಿಂದ' ಅಂತ ಇದ್ದರೆ ಎಷ್ಟು ಪಾಲು ಅಂತ ಹುಡುಕಿ, ಕೆಲವೊಮ್ಮೆ ಒಳಬಟ್ಟೆ ಮಾತ್ರ ಹಾಗಿರುತ್ತದೆ. ಗ್ಲೋಬಲ್ ರೀಸೈಕಲ್ಡ್ ಸ್ಟ್ಯಾಂಡರ್ಡ್ ಗುರುತು ಹಾಕಬೇಕಾದರೆ ಕನಿಷ್ಠ ಶೇ. 50 ಮರುಬಳಕೆಯ ಮಾಲು ಇರಬೇಕು. 'ವೀಗನ್ ಲೆದರ್' (ಪ್ರಾಣಿ ಚರ್ಮವಲ್ಲದ ಲೆದರ್) ಅನ್ನೋದು ಎಷ್ಟೋ ಸಲ ಪಿಯು (ಪಾಲಿಯುರೆಥೇನ್) ಅಥವಾ ಪಿವಿಸಿ ಪ್ಲಾಸ್ಟಿಕ್ಕೇ. ಪಿಯು ಕೆಲವು ವರ್ಷದಲ್ಲಿ ಸಿಪ್ಪೆ ಏಳುತ್ತದೆ. ಮಣ್ಣಲ್ಲಿ ಕರಗುತ್ತದೆ ಅನ್ನೋ ಬ್ಯಾಗ್ ಮಾತ್ರ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಇಪ್ಪತ್ತು ವರ್ಷ ಬರಲಿ ಅಂತ ಕೊಳ್ಳೋದನ್ನು ಕರಗಲಿ ಅಂತ ಯಾರು ಕೊಳ್ಳುತ್ತಾರೆ?

ಹತ್ತಿ ಅಂದರೆ ಹಸಿರು ಅನ್ನೋದೂ ಅಷ್ಟು ಸರಳ ಅಲ್ಲ. ಡೆನ್ಮಾರ್ಕಿನ ಪರಿಸರ ಸಂಸ್ಥೆ 2018ರಲ್ಲಿ ದಿನಸಿ ಚೀಲಗಳ ಲೆಕ್ಕ ಹಾಕಿತ್ತು. ಹವಾಮಾನದ ಮೇಲಿನ ಪರಿಣಾಮವನ್ನಷ್ಟೇ ಹಿಡಿದರೂ, ಹತ್ತಿ ಚೀಲ ಪ್ಲಾಸ್ಟಿಕ್ ಚೀಲಕ್ಕೆ ಸಮ ಆಗಲು 52 ಸಲ ಬಳಸಬೇಕು, ಸಾವಯವ ಹತ್ತಿಯದ್ದಾದರೆ 149 ಸಲ. ಕ್ಯಾನ್ವಾಸ್ ಬ್ಯಾಗ್ ಕೊಂಡರೆ ಹರಿಯುವವರೆಗೂ ಹೆಗಲಿಂದ ಇಳಿಸಬೇಡಿ.

ತುಂಬುವುದು, ವಾಪಸ್ ಬಂದ ಮೇಲೆ

ತುಂಬೋದರಲ್ಲಿ ದೊಡ್ಡ ಗುಟ್ಟೇನಿಲ್ಲ. ಟ್ರಾಲಿಯಲ್ಲಿ ಭಾರ ಚಕ್ರದ ಕಡೆ, ಬೆನ್ನುಚೀಲದಲ್ಲಿ ಭಾರ ಬೆನ್ನಿಗೆ ಅಂಟಿಕೊಂಡಂತೆ. ಟೀ ಶರ್ಟ್ ಸುರುಳಿ ಸುತ್ತಿ, ಸಾಕ್ಸ್ ಶೂ ಒಳಗೆ ತುರುಕಿ. ಇದಕ್ಕೆ ಅಂತ ಹೊಸ ಚೀಲದ ಸೆಟ್ ಬೇಕಿಲ್ಲ, ಹಳೇ ದಿಂಬಿನ ಕವರ್ ಸಾಕು. ಪವರ್ ಬ್ಯಾಂಕ್ ಮಾತ್ರ ಯಾವಾಗಲೂ ಕೈಚೀಲದಲ್ಲೇ ಇರಲಿ.

ವಾಪಸ್ ಬಂದ ದಿನ ಒಂದು ಚೀಟಿ ಬರೆಯಿರಿ: ಒಯ್ದೂ ಬಳಸದೆ ತಂದದ್ದು ಏನೇನು? ಚೀಟಿಯನ್ನು ಬ್ಯಾಗಿನ ಜೇಬಲ್ಲೇ ಇಡಿ, ಮುಂದಿನ ಸಲ ಚಾಪೆ ಹಾಸಿದಾಗ ಅದೇ ಮೊದಲು ಕೈಗೆ ಸಿಗಬೇಕು. ಬ್ಯಾಗನ್ನು ಒಂದು ದಿನ ಗಾಳಿಗೆ ಬಿಟ್ಟು ಆಮೇಲೆ ಅಟ್ಟಕ್ಕೆ ಹಾಕಿ. ಪಸೆ ಇದ್ದಂತೆ ಮುಚ್ಚಿಟ್ಟರೆ ಒಳಗಿನ ಲೇಪನ ಅಂಟಂಟಾಗುತ್ತದೆ. ಹಾಗೇ ಚಕ್ರ ಮೇಲೆ ಮಾಡಿ ಮಲಗಿಸಿ, ಅಚ್ಚಿಗೆ ಸುತ್ತಿಕೊಂಡ ಕೂದಲು, ದಾರ ಎಲ್ಲ ಚಿಮುಟದಿಂದ ಎಳೆದು ತೆಗೆಯಿರಿ. ಚಕ್ರ ಕಿರುಗುಟ್ಟೋದು, ಬಿಗಿಯಾಗೋದು ಹೆಚ್ಚಾಗಿ ಇದರಿಂದಲೇ. ಇಷ್ಟೊಂದು ಕೂದಲು ಯಾರದ್ದು ಅಂತ ನಾನಂತೂ ಪ್ರತಿ ಸಲ ಯೋಚಿಸುತ್ತೇನೆ. ನಮ್ಮ ಮನೆಯವರದ್ದಂತೂ ಅಲ್ಲ.