ಡ್ವೇನ್ ಬೀದಿಯಿಂದ ಟ್ರಿನಿಟಿವರೆಗೆ: ಒಂದು ಚರ್ಚಿನ ಚರಿತ್ರೆಯನ್ನು ನಾನು ಓದಿದ ಬಗೆ

ನಾನಿರುವುದು ಜೆರ್ಸಿ ಸಿಟಿಯಲ್ಲಿ, ಕೆಲಸ ಮಾಡುವುದು ನ್ಯೂಯಾರ್ಕಿನ ಮ್ಯಾನ್‌ಹಟನ್‌ನ ದಕ್ಷಿಣ ತುದಿಯಲ್ಲಿ. ಆಫೀಸಿನಿಂದ ಕೆಳಗಿಳಿದು ಐದು ನಿಮಿಷ ನಡೆದರೆ ವಾಲ್ ಸ್ಟ್ರೀಟ್ ಹೋಗಿ ಬ್ರಾಡ್‌ವೇಗೆ ಸೇರುವ ಜಾಗ ಸಿಗುತ್ತದೆ. ಅದರ ಎದುರಿಗೇ ಟ್ರಿನಿಟಿ ಚರ್ಚ್. ಮೊದಲ ಎರಡು ವರ್ಷ ಅದು ನನಗೆ ಮಧ್ಯಾಹ್ನದ ಡಬ್ಬಿ ಬಿಚ್ಚಿ ಕೂರುವ ಜಾಗವಷ್ಟೇ ಆಗಿತ್ತು.

ನಾನು ಬೆಳೆದದ್ದು ಮೈಸೂರಿನ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ. ಸಭೆ ಅಂದರೆ ಒಂದು ಚರ್ಚಿಗೆ ಸೇರಿದ ವಿಶ್ವಾಸಿಗಳ ಸಮುದಾಯ. ಒಂದು ಭಾನುವಾರ ಇಲ್ಲಿಯ ಆರಾಧನೆಗೆ ಹೋಗಿ ಕೂತೆ. ಭಾಷೆ ಬೇರೆ, ಆದರೆ ಎಲ್ಲಿ ಏಳಬೇಕು, ಎಲ್ಲಿ ಮೊಣಕಾಲೂರಬೇಕು ಅಂತ ನನಗೆ ಗೊತ್ತಿತ್ತು. 1947ರಲ್ಲಿ ದಕ್ಷಿಣ ಭಾರತದ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಸೇರಿ ಸಿಎಸ್‌ಐ ಆಯಿತು. ಟ್ರಿನಿಟಿ ಸೇರಿರುವ ಅಮೆರಿಕದ ಎಪಿಸ್ಕೋಪಲ್ ಸಭೆಯೂ ಅದೇ ಆಂಗ್ಲಿಕನ್ ಕುಟುಂಬದ್ದು, ಅಂದರೆ ಇಂಗ್ಲೆಂಡಿನ ಚರ್ಚಿನಿಂದ ಹುಟ್ಟಿದ್ದು. ಅವತ್ತಿಂದ ಆ ಕಟ್ಟಡ ನನಗೆ ಬರೀ ಕಟ್ಟಡವಾಗಿ ಉಳಿಯಲಿಲ್ಲ.

ಊರಿಂದ ಬಂದವರೆಲ್ಲ ಅಮೆರಿಕದ ಮೊದಲ ಹಣಕಾಸು ಮಂತ್ರಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಸಮಾಧಿ ತೋರಿಸು ಅನ್ನುತ್ತಿದ್ದರು. ಚರ್ಚಿನ ದಕ್ಷಿಣದ ಅಂಗಳದಲ್ಲಿ ಅದಿದೆ. ಅಲ್ಲಿಗೆ ಕರೆದುಕೊಂಡು ಹೋಗಿ, 1804ರ ದ್ವಂದ್ವಯುದ್ಧದ ಕಥೆ ಹೇಳಿ, ಫೋಟೋ ತೆಗೆದು ಕಳಿಸುತ್ತಿದ್ದೆ. ಒಮ್ಮೆ ಗೆಳತಿಯ ಅಮ್ಮ ಬಂದಿದ್ದರು. ಮಂಡ್ಯ ಕಡೆಯವರು, ಜಮೀನು ಮಾಡಿ ಬಾಳಿದವರು. ಹ್ಯಾಮಿಲ್ಟನ್ ಕಥೆಯನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಸುತ್ತ ನಿಂತ ಗೋಪುರಗಳನ್ನೆಲ್ಲ ನೋಡಿ ಒಂದೇ ಮಾತು ಕೇಳಿದರು: "ಇಂಥಾ ಜಾಗದಲ್ಲಿ ಇಷ್ಟು ನೆಲ ಇವರಿಗೆ ಯಾರು ಕೊಟ್ಟರಮ್ಮ?"

ನನಗೆ ಉತ್ತರ ಗೊತ್ತಿರಲಿಲ್ಲ. ನಾನು ಈ ಚರಿತ್ರೆಗೆ ಇಳಿದದ್ದು ಆ ಪ್ರಶ್ನೆಯಿಂದ. ನಿಮ್ಮೂರಿನ ಹಳೇ ಚರ್ಚೋ ಗುಡಿಯೋ ಮಸೀದಿಯೋ, ಯಾವುದರ ಚರಿತ್ರೆ ಬರೆಯಬೇಕು ಅಂತಿದ್ದರೂ ನೆಲದಿಂದಲೇ ಶುರು ಮಾಡಿ ಅಂತ ನಾನು ಹೇಳುವುದು. ಗೋಪುರ, ಬಣ್ಣದ ಗಾಜು, ಗಂಟೆ ಎಲ್ಲ ಆಮೇಲೆ.

ನೆಲದ ಕಥೆ ಹೀಗಿದೆ. 1697ರ ಮೇ 6ರಂದು ಇಂಗ್ಲೆಂಡಿನ ದೊರೆ ಮೂರನೇ ವಿಲಿಯಂ ಹೆಸರಿನಲ್ಲಿ ಈ ಸಭೆಗೆ ಸನದು ಸಿಕ್ಕಿತು. ವರ್ಷದ ಗೇಣಿ ಒಂದು ಕಾಳುಮೆಣಸು. ಹೌದು, ಒಂದೇ ಕಾಳು! ಮೆಣಸಿನ ಬಳ್ಳಿ ಹಬ್ಬಿಸಿ ಬದುಕುವ ನಮ್ಮ ಮಲೆನಾಡಿನವರಿಗೆ ಇದನ್ನು ಹೇಳಿದರೆ ಕಣ್ಣರಳಿಸುತ್ತಾರೆ. 1976ರಲ್ಲಿ ರಾಣಿ ಎರಡನೇ ಎಲಿಜಬೆತ್ ಬಂದಾಗ ಸಭೆಯವರು ಬಾಕಿ ಅಂತ ಲೆಕ್ಕ ಹಾಕಿ 279 ಕಾಳು ಒಪ್ಪಿಸಿದರು. ಆದರೆ ದೊಡ್ಡ ಆಸ್ತಿ ಬಂದದ್ದು 1705ರಲ್ಲಿ. ರಾಣಿ ಆ್ಯನ್ ಕಾಲದಲ್ಲಿ ಮ್ಯಾನ್‌ಹಟನ್‌ನ ಪಶ್ಚಿಮಕ್ಕಿದ್ದ 215 ಎಕರೆ ದೊರೆಯ ಹೊಲ ಚರ್ಚಿಗೆ ಬಂತು. ಅದರೊಳಗೆ ಆನೆಕೆ ಯಾನ್ಸ್ ಎಂಬ ಡಚ್ ಹೆಂಗಸಿನ ಸುಮಾರು 62 ಎಕರೆಯೂ ಸೇರಿಹೋಗಿತ್ತು. ಅವಳ ವಾರಸುದಾರರು 1671ರಲ್ಲಿ ಅದನ್ನು ಗವರ್ನರಿಗೆ ಮಾರಿದ್ದರು. ಆದರೆ ಒಬ್ಬರ ಸಹಿ ಬಿದ್ದಿರಲಿಲ್ಲ. ಆ ಒಂದು ಸಹಿ ಹಿಡಿದುಕೊಂಡು ಅವಳ ವಂಶದವರು ನೂರು ವರ್ಷಕ್ಕೂ ಮೇಲೆ ಕೋರ್ಟು ಅಲೆದರು, ಒಮ್ಮೆಯೂ ಗೆಲ್ಲಲಿಲ್ಲ. ಇದನ್ನು ಫೋನಿನಲ್ಲಿ ಆ ಅಮ್ಮನಿಗೆ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಒಂದು ಸಹಿ ಅಂದ್ರೆ ಸುಮ್ನೆ ಅಲ್ಲ" ಅಂದರು.

ಆ ನೆಲದಲ್ಲಿ ಜಾಸ್ತಿ ಪಾಲು ಮಾರಿಹೋಗಿದೆ, ದಾನವಾಗಿದೆ. ಇವತ್ತಿನ ಕೊಲಂಬಿಯಾ ವಿಶ್ವವಿದ್ಯಾಲಯ 1754ರಲ್ಲಿ ಕಿಂಗ್ಸ್ ಕಾಲೇಜ್ ಆಗಿ ಶುರುವಾದಾಗ ಮೊದಲ ಪಾಠ ನಡೆದದ್ದು ಟ್ರಿನಿಟಿಯ ಶಾಲಾಮನೆಯಲ್ಲೇ. ಉಳಿದ ನೆಲದ ಬಾಡಿಗೆಯಿಂದ ಇದು ದೇಶದ ಅತಿ ಶ್ರೀಮಂತ ಸಭೆಗಳಲ್ಲಿ ಒಂದಾಯಿತು. ಅದರ ಕರಾಳ ಮುಖವನ್ನೂ ಹೇಳಲೇಬೇಕು. 19ನೇ ಶತಮಾನದ ಕೊನೆಗೆ ಈ ನೆಲದ ಮೇಲೆ ಬಡವರ ಇಕ್ಕಟ್ಟಿನ ವಠಾರಗಳಿದ್ದವು. ಪ್ರತಿ ಮಹಡಿಗೂ ನೀರು ಕೊಡಬೇಕು ಅಂತ ಕಾನೂನು ಬಂದರೆ, ಸಭೆ ಅದರ ವಿರುದ್ಧ ಕೋರ್ಟಿಗೆ ಹೋಯಿತು. 1895ರಲ್ಲಿ ರಾಜ್ಯದ ಉಚ್ಚ ಕೋರ್ಟಿನಲ್ಲಿ ಸೋತಿತು. ಇದನ್ನು ಓದಿದ ದಿನ ನನಗೆ ನಿಜಕ್ಕೂ ಬೇಜಾರಾಯಿತು. ಬಾಯಾರಿದವರಿಗೆ ನೀರು ಕೊಡಿ ಅನ್ನುವ ವಾಕ್ಯವನ್ನು ಅಲ್ಲೇ ಒಳಗೆ ಓದುತ್ತಿದ್ದರು, ಅಲ್ವಾ.

ಕಟ್ಟಡದ ವಿಷಯ ಬೇಗ ಹೇಳಿಬಿಡುತ್ತೇನೆ. ಈಗ ಕಾಣುವುದು ಮೂರನೆಯದು. ಮೊದಲನೆಯದು 1698ರಲ್ಲಿ ತೆರೆಯಿತು. ಅದರ ಕಲ್ಲೆತ್ತಲು ಹಗ್ಗ, ರಾಟೆ ಎರವಲು ಕೊಟ್ಟವನು ಕ್ಯಾಪ್ಟನ್ ಕಿಡ್, ಮುಂದೆ ಕಡಲ್ಗಳ್ಳ ಅಂತ ಲಂಡನ್ನಿನಲ್ಲಿ ಗಲ್ಲಿಗೇರಿದವನು. 1776ರ ಸೆಪ್ಟೆಂಬರಿನ ಬೆಂಕಿಯಲ್ಲಿ ಆ ಚರ್ಚ್ ಸುಟ್ಟುಹೋಯಿತು. ಎರಡನೆಯದು 1790ರದ್ದು. 1838-39ರ ಚಳಿಗಾಲದ ಹಿಮದ ಭಾರಕ್ಕೆ ಅದು ಕೆಟ್ಟು, ಕೆಡವಬೇಕಾಯಿತು. ರಿಚರ್ಡ್ ಅಪ್‌ಜಾನ್ ಕಟ್ಟಿದ ಮೂರನೆಯದು 1846ರ ಮೇ 21ರಂದು ಪ್ರತಿಷ್ಠೆಯಾಯಿತು. ನ್ಯೂಜೆರ್ಸಿಯ ಕಂದು ಮರಳುಗಲ್ಲು, 281 ಅಡಿ ಗೋಪುರ. ಕಟ್ಟಿದ ಕಾಲಕ್ಕೆ ನ್ಯೂಯಾರ್ಕಿನಲ್ಲಿ ಅದಕ್ಕಿಂತ ಎತ್ತರದ್ದು ಇರಲಿಲ್ಲ. ಈಗ ಅದು ಗಗನಚುಂಬಿಗಳ ಮಧ್ಯೆ ಗೂಡಿನ ದೀಪದ ಹಾಗೆ ಕಾಣುತ್ತದೆ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಮೊದಲ ಸಲ ಹತ್ತು ಹನ್ನೆರಡು ಕನ್ನಡದವರನ್ನು ಕರೆದುಕೊಂಡು ಹೋದಾಗ, ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷನಾಗಿ ಪ್ರಮಾಣ ಮಾಡಿ ಇದೇ ಚರ್ಚಿಗೆ ಬಂದು ಪ್ರಾರ್ಥಿಸಿದ ಅಂದುಬಿಟ್ಟೆ. ಎಲ್ಲೋ ಓದಿದ್ದೆ, ಸರಿನೋಡಿರಲಿಲ್ಲ. ಗುಂಪಿನಲ್ಲಿದ್ದ ಒಬ್ಬ ಹುಡುಗಿ, ಹೈಸ್ಕೂಲು ಓದುವವಳು, ಮೆಲ್ಲಗೆ ಕೇಳಿದಳು: "ಆಂಟಿ, 1776ರಲ್ಲಿ ಸುಟ್ಟುಹೋಯ್ತು, 1790ರಲ್ಲಿ ಕಟ್ಟಿದರು ಅಂದ್ರಲ್ಲ. ಪ್ರಮಾಣ ವಚನ 1789ರಲ್ಲಿ. ಹಾಗಾದರೆ ಯಾವ ಚರ್ಚು?" ಅವಳು ಹೇಳಿದ್ದೇ ಸರಿ. 1789ರ ಏಪ್ರಿಲ್ 30ರಂದು ಅವನು ಹೋದದ್ದು ಇದೇ ಸಭೆಗೆ ಸೇರಿದ ಸೇಂಟ್ ಪಾಲ್ಸ್ ಚಾಪೆಲ್‌ಗೆ, ಬ್ರಾಡ್‌ವೇಯಲ್ಲೇ ಸ್ವಲ್ಪ ಉತ್ತರಕ್ಕೆ. 1766ರ ಆ ಕಟ್ಟಡ ಬೆಂಕಿಗೆ ಸಿಗದೆ ಉಳಿದಿತ್ತು. 2001ರ ಸೆಪ್ಟೆಂಬರ್ 11ರಂದು ಎದುರಿನ ಅವಳಿ ಗೋಪುರ ಬಿದ್ದಾಗಲೂ ಉಳಿಯಿತು. ಆಮೇಲೆ ತಿಂಗಳುಗಟ್ಟಲೆ ಅವಶೇಷ ತೆಗೆಯುವವರು ಅಲ್ಲೇ ಉಂಡರು, ಅಲ್ಲೇ ಬೆಂಚುಗಳ ಮೇಲೆ ಮಲಗಿದರು. ಅವತ್ತಿಂದ ನಾನು ಪ್ರತಿ ವಿಷಯದ ಮುಂದೆ ವರ್ಷ ಬರೆದು, ವರ್ಷಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುತ್ತೇನೆ. ಬಹಳ ತಪ್ಪುಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಸಭೆಯ ಹಳೇ ದೀಕ್ಷಾಸ್ನಾನ, ಮದುವೆ, ಸಮಾಧಿ ಪುಸ್ತಕಗಳು 1776ರ ಬೆಂಕಿಗೆ ಹೋದವು. ಹಾಗಾಗಿ ಅದಕ್ಕೂ ಹಿಂದಿನ ಎಷ್ಟೋ ಜನರ ಗುರುತು ಉಳಿದಿರುವುದು ಕಲ್ಲಿನ ಮೇಲಷ್ಟೇ. ಕಲ್ಲು ಓದುವುದನ್ನು ನಾನು ಕಲಿತದ್ದು ಇದಕ್ಕಾಗಿಯೇ. ಮೊದಮೊದಲು ಮುಖಕ್ಕೆ ನೇರ ನಿಂತು ಓದುತ್ತಿದ್ದೆ, ಏನೂ ಕಾಣುತ್ತಿರಲಿಲ್ಲ. ಆಮೇಲೆ ಒಂದು ಸಾದಾ ಕನ್ನಡಿ ತಂದೆ, ಅಂಗೈಗಿಂತ ಸ್ವಲ್ಪ ದೊಡ್ಡದು. ಕಲ್ಲಿನ ಒಂದು ಪಕ್ಕಕ್ಕೆ ಕೂತು, ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು, ಕಲ್ಲಿನ ಮೈ ಸವರಿಕೊಂಡು ಹೋಗುವ ಹಾಗೆ ಓರೆಯಾಗಿ ಬಿಡಬೇಕು. ಅಕ್ಷರದ ಒಂದು ಅಂಚಿಗೆ ಬೆಳಕು, ಇನ್ನೊಂದು ಅಂಚಿಗೆ ನೆರಳು. ಕಣ್ಣೆದುರಿಗೇ ಹೆಸರು ಮೇಲೆದ್ದು ಬರುತ್ತದೆ. ಮೋಡವಿದ್ದರೆ ಟಾರ್ಚ್ ಸಾಕು. ಸೀಮೆಸುಣ್ಣ, ಶೇವಿಂಗ್ ಕ್ರೀಮು, ಹಿಟ್ಟು ಯಾವುದನ್ನೂ ಬಳಿಯಬೇಡಿ. ಪೇಪರಿಟ್ಟು ಉಜ್ಜಲೂ ಬೇಡಿ. ಮರಳುಗಲ್ಲು ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಏಳುತ್ತದೆ, ಒಂದು ಪದರ ಹೋದರೆ ಒಬ್ಬ ಮನುಷ್ಯನ ಹೆಸರೇ ಹೋಯಿತು.

ಉತ್ತರದ ಅಂಗಳದಲ್ಲಿ ಜೇಮ್ಸ್ ಲೀಸನ್ ಎಂಬವನ ಕಲ್ಲಿದೆ, 1794ರದ್ದು. ಅದರ ತಲೆಯ ಕಡೆ ಚೌಕಗಳು, ಅರೆಚೌಕಗಳು, ಒಳಗೆ ಚುಕ್ಕಿಗಳು. ಅಲಂಕಾರ ಅಂತ ಬಿಟ್ಟುಬಿಡುವ ಹಾಗಿದೆ. ಅದು ಗುಪ್ತಲಿಪಿ. ಬಿಡಿಸಿದರೆ "ಸಾವನ್ನು ನೆನೆ" ಅಂತ ಬರುತ್ತದೆ. ನಾನು ಮೂರು ಮಧ್ಯಾಹ್ನ ಕೂತು ಒಂದೊಂದೇ ಚೌಕ ಬಿಡಿಸಿದೆ. ಉತ್ತರ ಮೊದಲೇ ಗೊತ್ತಿತ್ತು, ಆದರೂ ಕೊನೆಯ ಅಕ್ಷರ ಸರಿ ಬಂದಾಗ ಮೈ ಝುಂ ಅಂದಿತು.

ಇಷ್ಟೆಲ್ಲ ಆದಮೇಲೂ ನನ್ನ ನಡಿಗೆ ಹ್ಯಾಮಿಲ್ಟನ್ ಸಮಾಧಿಯಿಂದಲೇ ಶುರುವಾಗುತ್ತಿತ್ತು. ಅದನ್ನು ಬದಲಿಸಿದ್ದು ವೆಸ್ಟ್ರಿಯ ಒಂದು ನಡವಳಿ. ವೆಸ್ಟ್ರಿ ಅಂದರೆ ಸಭೆಯ ಆಡಳಿತ ನೋಡುವ ಚುನಾಯಿತ ಸಮಿತಿ, ನಮ್ಮ ಪಾಸ್ಟರೇಟ್ ಕಮಿಟಿ ಇದ್ದ ಹಾಗೆ. ಅದರ ನಡವಳಿ ಪುಸ್ತಕ 1697ರಿಂದ ಉಳಿದುಬಂದಿದೆ. ಸನದು ಸಿಕ್ಕಿ ಆರು ತಿಂಗಳೂ ಆಗಿರಲಿಲ್ಲ. 1697ರ ಅಕ್ಟೋಬರ್ 25ರಂದು ಅವರು ಮಾಡಿದ ನಿರ್ಣಯದ ಸಾರ ಇಷ್ಟು: ಇನ್ನು ನಾಲ್ಕು ವಾರ ಕಳೆದ ಮೇಲೆ ಟ್ರಿನಿಟಿ ಚರ್ಚಿನ ಅಂಗಳದೊಳಗೆ ಕರಿಯರನ್ನು ಹೂಳಬಾರದು.

ಆ ಸಾಲನ್ನು ಎರಡು ಸಲ ಓದಿದೆ. ಈ ಚರ್ಚನ್ನು ಕಟ್ಟುವುದರಲ್ಲಿ ಗುಲಾಮರ ದುಡಿಮೆಯೂ ಇತ್ತು. ಕಲ್ಲೆತ್ತಿದವರಿಗೆ ಅಂಗಳದಲ್ಲಿ ಆರಡಿ ಮೂರಡಿ ಇಲ್ಲವಾಯಿತು. ಅವರು ತಮ್ಮವರನ್ನು ಆಗಿನ ಊರಿನ ಹೊರಗೆ, ಉತ್ತರದ ತಗ್ಗಿನಲ್ಲಿ ಮಣ್ಣು ಮಾಡಿದರು. ಆಮೇಲೆ ಅದರ ಮೇಲೆ ಮಣ್ಣು ತುಂಬಿ ನಗರ ಬೆಳೆಯಿತು. 1991ರಲ್ಲಿ ಬ್ರಾಡ್‌ವೇ ಪಕ್ಕ ಸರ್ಕಾರಿ ಕಟ್ಟಡಕ್ಕೆ ಪಾಯ ತೋಡುವಾಗ ಎಲುಬುಗಳು ಸಿಕ್ಕವು. 419 ಜನರ ಅವಶೇಷ ಹೊರಬಂತು. ಅರ್ಧದ ಹತ್ತಿರ ಹನ್ನೆರಡು ವರ್ಷದೊಳಗಿನ ಮಕ್ಕಳು. 2003ರ ಅಕ್ಟೋಬರಿನಲ್ಲಿ ಘಾನಾದಲ್ಲಿ ಕೆತ್ತಿದ ಮರದ ಪೆಟ್ಟಿಗೆಗಳಲ್ಲಿಟ್ಟು ಅವರನ್ನು ಅಲ್ಲೇ ಮತ್ತೆ ಮಣ್ಣಿಗೆ ಒಪ್ಪಿಸಿದರು. ಡ್ವೇನ್ ಬೀದಿಯಲ್ಲಿ ಈಗ ಏಳು ಹಸಿರು ದಿಬ್ಬಗಳಿವೆ. 2006ರಿಂದ ಅದು ರಾಷ್ಟ್ರೀಯ ಸ್ಮಾರಕ.

ಸಭೆಯೊಳಗೂ ಬೇರೆ ದಾರಿ ಹಿಡಿದವರಿದ್ದರು. ಎಲಿಯಾಸ್ ನೋ ಎಂಬ ಫ್ರೆಂಚ್ ವ್ಯಾಪಾರಿ, ಸ್ವತಃ ನಂಬಿಕೆಗಾಗಿ ಜೈಲು ಕಂಡವನು, 1704ರಿಂದ ಗುಲಾಮರಿಗೆ ಪಾಠ ಹೇಳಿದ. ಟ್ರಿನಿಟಿಯ ಕಪ್ಪು ವಿಶ್ವಾಸಿಗಳು 1809ರಿಂದ ಬೇರೆಯಾಗಿ ಕೂಡತೊಡಗಿ, 1818ರಲ್ಲಿ ಸೇಂಟ್ ಫಿಲಿಪ್ಸ್ ಎಂಬ ತಮ್ಮದೇ ಸಭೆ ಕಟ್ಟಿಕೊಂಡರು. ಅದರ ಪೀಟರ್ ವಿಲಿಯಮ್ಸ್ ಜೂನಿಯರ್ 1826ರಲ್ಲಿ ಯಾಜಕರಾಗಿ ಅಭಿಷೇಕಗೊಂಡರು. ಆ ಸಭೆ ಈಗಲೂ ಹಾರ್ಲೆಮ್‌ನಲ್ಲಿದೆ. ಅದರ ಕಥೆ ಟ್ರಿನಿಟಿಯ ಅಡಿಟಿಪ್ಪಣಿ ಅಲ್ಲ, ಅದಕ್ಕೆ ಬೇರೆಯೇ ಒಂದು ದಿನ ಬೇಕು.

ಈಗ ನಾನು ಗುಂಪನ್ನು ಡ್ವೇನ್ ಬೀದಿಯ ಏಳು ದಿಬ್ಬಗಳ ಹತ್ತಿರ ಸೇರಲು ಹೇಳುತ್ತೇನೆ. ನಡವಳಿಯ ಆ ಸಾಲನ್ನು ಕನ್ನಡದಲ್ಲಿ ಅಲ್ಲೇ ಓದುತ್ತೇನೆ, ವಿವರಣೆ ಜಾಸ್ತಿ ಕೊಡುವುದಿಲ್ಲ. ಆಮೇಲೆ ಬ್ರಾಡ್‌ವೇ ಹಿಡಿದು ದಕ್ಷಿಣಕ್ಕೆ, ಸೇಂಟ್ ಪಾಲ್ಸ್ ದಾಟಿ, ಟ್ರಿನಿಟಿಗೆ. ನಿಧಾನಕ್ಕೆ ನಡೆದರೂ ಇಪ್ಪತ್ತು ನಿಮಿಷ ಸಾಕು. ಕೆಲವರು ಹ್ಯಾಮಿಲ್ಟನ್‌ನನ್ನು ನೋಡೋಕೆ ಬಂದಿದ್ದು ಅಂತ ಬೇಸರ ಮಾಡಿಕೊಂಡದ್ದೂ ಇದೆ. ಅವನನ್ನೂ ತೋರಿಸುತ್ತೇನೆ, ಆದರೆ ಕೊನೆಗಲ್ಲ.

ಕೊನೆಗೆ ಹೋಗುವುದು ಉತ್ತರದ ಅಂಗಳಕ್ಕೆ, ರಿಚರ್ಡ್ ಚರ್ಚರ್‌ನ ಕಲ್ಲಿನ ಬಳಿ. ಮೊಣಕಾಲೆತ್ತರದ ಸಣ್ಣ ಮರಳುಗಲ್ಲು, ನಗರದಲ್ಲಿ ಉಳಿದಿರುವ ಕೆತ್ತಿದ ಸಮಾಧಿ ಕಲ್ಲುಗಳಲ್ಲಿ ಎಲ್ಲಕ್ಕಿಂತ ಹಳೆಯದು. ಸನದಿಗಿಂತ 16 ವರ್ಷ ಮುಂಚಿನದು, ಆ ಜಾಗ ಇನ್ನೂ ಊರಿನ ಸ್ಮಶಾನವಾಗಿದ್ದ ಕಾಲದ್ದು. ಹಿಂಬದಿಯಲ್ಲಿ ರೆಕ್ಕೆಯ ಮರಳುಗಡಿಯಾರ, ಅದರ ಕೆಳಗೆ ತಲೆಬುರುಡೆ, ಅಡ್ಡ ಎಲುಬು. ಅಲ್ಲಿ ನಾನು ಕನ್ನಡಿಯನ್ನು ಮಕ್ಕಳ ಕೈಗೆ ಕೊಡುತ್ತೇನೆ. ಅವರು ಬಿಸಿಲು ಹಿಡಿಯಲು ಸ್ವಲ್ಪ ಹೊತ್ತು ಒದ್ದಾಡುತ್ತಾರೆ, ಬೆಳಕು ಹುಲ್ಲಿನ ಮೇಲೆ, ಪಕ್ಕದವರ ಮುಖದ ಮೇಲೆಲ್ಲ ಓಡಾಡುತ್ತದೆ. ಆಮೇಲೆ ಒಬ್ಬರಿಗೆ ಓರೆ ಸಿಗುತ್ತದೆ. ಮಕ್ಕಳೇ ಗಟ್ಟಿಯಾಗಿ ಓದುತ್ತಾರೆ: ವಿಲಿಯಂ ಚರ್ಚರ್‌ನ ಮಗ ರಿಚರ್ಡ್, 1681ರ ಏಪ್ರಿಲ್ 5, ವಯಸ್ಸು 5 ವರ್ಷ 5 ತಿಂಗಳು.